ಅವ್ವ ತೋಡಿದ ಗುಂಡಿಗಳು

ಬೇದಮ್ಮನಿಗೆ ಕೊಟ್ಟಿದ್ದ ಕೆಲಸ ಸುಲಭದ್ದು. ಆಕಾಶದಿಂದ ತೆಗೆದ ಫೋಟೋದಲ್ಲಿ ಮನೆ ಕಂಡರೆ ಅದರ ಸುತ್ತ ಕೆಂಪು ಗೆರೆ ಎಳೆಯಬೇಕು. ಕೊಟ್ಟಿಗೆ ಕಂಡರೆ ಅದಕ್ಕೂ ಗೆರೆ. ಹೊಲ ಕಂಡರೆ ಅದಕ್ಕೂ ಗೆರೆ. ಎಳೆದಾದ ಮೇಲೆ ಪಕ್ಕದ ಪಟ್ಟಿಯಲ್ಲಿ 'ಅತಿಕ್ರಮಣ' ಎಂಬ ಸಾಲನ್ನು ಆರಿಸಿ ಒತ್ತಬೇಕು. ಅಷ್ಟೇ. ಅಲ್ಲಿಗೆ ಆ ಮನೆಯ ಕತೆ ಮುಗಿಯಿತು.

ನಾಲ್ಕು ತಿಂಗಳು ಆಕೆ ಹೀಗೆ ಗೆರೆ ಎಳೆದಿದ್ದಳು. ಯಾವುದೋ ದೇಶದ ನದಿ ದಂಡೆ. ಯಾವುದೋ ದ್ವೀಪ. ಮೇಲಿನಿಂದ ಎಲ್ಲ ಮನೆಗಳೂ ಬೆಂಕಿಪೊಟ್ಟಣದ ಹಾಗೆ ಕಾಣುತ್ತಿದ್ದವು. ದಿನಕ್ಕೆ ಇನ್ನೂರು ಮನೆ ಮುಗಿಸಿದ ದಿನ ಟೀಮಿನವರು ಚಪ್ಪಾಳೆ ತಟ್ಟಿದ್ದರು.

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಎಂಬ ಊರಿನ ಬಂದರಿನ ಎದುರಿಗಿದ್ದ ಕಟ್ಟಡದ ಮೂರನೆಯ ಮಹಡಿ. ಹದಿನಾಲ್ಕು ಜನರ ಸಣ್ಣ ಕಂಪನಿ. ಕಾಡು ಉಳಿಸಲು ಹಣ ಕೊಡುವ ಸಂಸ್ಥೆಗಳಿಗೆ ಇವರು ನಕ್ಷೆ ಮಾಡಿಕೊಡುತ್ತಿದ್ದರು. ಅಲ್ಲಿ ಕನ್ನಡದವರು ಮೂವರು. ಟೀಮ್ ಲೀಡ್ ರಾಘವ್, ಬೆಂಗಳೂರಿನವನು. ಹೆಲೆನ್, ಕರಾವಳಿಯ ಕಡೆಯವಳು. ಮೂರನೆಯವಳು ಬೇದಮ್ಮ. ಸೋಲಿಗರ ಹುಡುಗಿ. ಆಶ್ರಮ ಶಾಲೆ, ಹಾಸ್ಟೆಲು, ಮೈಸೂರಿನಲ್ಲಿ ಭೂಗೋಳದ ಡಿಗ್ರಿ, ಆಮೇಲೆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಈ ಊರಿಗೆ ಬಂದು ನಕ್ಷೆ ಮಾಡುವ ಓದು. ಓದು ಮುಗಿದ ಮೇಲೆ ಈ ಕೆಲಸ. ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಮೊದಲ ದಿನವೇ ರಾಘವ್ ಕೇಳಿದ್ದ: "ಬೇದಮ್ಮ? ಯಾವ ಕಡೆ ಹೆಸರು ಇದು? ಕೇಳೇ ಇಲ್ಲ." ಆಕೆ ಚಾಮರಾಜನಗರದ ಕಡೆ ಎಂದಷ್ಟೇ ಹೇಳಿದ್ದಳು. ಅವನು ಹೆಸರನ್ನು 'ಬೇದಾ' ಎಂದು ಮೊಟಕು ಮಾಡಿಕೊಂಡ.

ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ ಹೊಸ ಫೋಟೋಗಳು ಬಂದವು. ಡ್ರೋನಿನಿಂದ ತೆಗೆದವು, ಬಹಳ ಸ್ಪಷ್ಟ. ಕಡಿದಾದ ಬೆಟ್ಟ. ಬರೀ ಬಂಡೆ. ಬಂಡೆಗಳ ಸಂದಿನಲ್ಲೆಲ್ಲ ನೀಲಗಿರಿ ಮರಗಳು, ಸಾಲು ಹಿಡಿದು ನೆಟ್ಟವು. ಬೇದಮ್ಮ ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ನೋಡುತ್ತ ಹೋದಳು. ಎರಡು ಹೋಳಾಗಿ ಸೀಳಿದ ಒಂದು ದೊಡ್ಡ ಬಂಡೆ ಬಂತು. ಅದರ ಕೆಳಗೆ ಒಣಗಿದ ತೊರೆಯ ಬಿಳಿ ಗೆರೆ. ಅದರ ಕೆಳಗೆ ಮನೆಗಳು.

ಬೆಟ್ಟವನ್ನು ಕಾಲಿನಿಂದ ಬಲ್ಲವಳಿಗೆ ತಲೆಯ ಮೇಲಿನಿಂದ ಗುರುತು ಹತ್ತುವುದು ತಡವಾಯಿತು. ಒಂದು ಮನೆಯ ಸೂರಿಗೆ ನೀಲಿ ಟಾರ್ಪಾಲು ಹೊದಿಸಿ ಮೇಲೆ ಎರಡು ಹಳೇ ಟೈರು ಇಟ್ಟಿದ್ದರು. ಹೋದ ತಿಂಗಳು ಅಕ್ಕ ಕೇತಮ್ಮ ಫೋನಿನಲ್ಲಿ ಹೇಳಿದ್ದಳು, ಸೂರು ಸೋರುತ್ತೆ, ಟಾರ್ಪಾಲು ಹಾಕಿ ಟೈರು ಮಡಗಿವ್ನಿ ಅಂತ. ಅಂಗಳದಲ್ಲಿ ಯಾರೋ ಬಗ್ಗಿ ನಿಂತಿದ್ದರು. ಮುಖ ಕಾಣುತ್ತಿರಲಿಲ್ಲ. ಬಗ್ಗಿದ ಬೆನ್ನು ಮಾತ್ರ ಕಾಣುತ್ತಿತ್ತು.

ಅದು ಒಡೆಗಲ್ಲು ಬೆಟ್ಟ. ಅದು ನೆಲ್ಲಿಪೋಡು, ಸೋಲಿಗರ ಪೋಡು. ಅವಳೂರು.

ಊರು ಅಲ್ಲಿರಲಿಲ್ಲ ಮೊದಲು. ಇನ್ನೂ ಮೇಲೆ, ನೆತ್ತಿಯ ಹತ್ತಿರ, ನೀರು ಇರುವಲ್ಲಿ ಇತ್ತು. ರಾಗಿ ಚೆಲ್ಲಿಕೊಂಡು, ಜೇನು ಕಿತ್ತುಕೊಂಡು, ನೆಲ್ಲಿಕಾಯಿ ಆಯ್ದುಕೊಂಡು ಬದುಕಿದ್ದರು. ಬೇದಮ್ಮ ಹುಟ್ಟುವ ಮೊದಲು ಕಾಡಿನ ಸಾಹೇಬರು ಬಂದರು. ಇಲ್ಲಿ ನೀಲಗಿರಿ ಹಾಕುತ್ತೇವೆ, ಕಾರ್ಖಾನೆಗೆ ಬೇಕು, ನೀವು ಇಳಿಯಿರಿ ಎಂದರು. ಇಳಿದರು. ಹಳೆಯ ಮರಗಳನ್ನು ಕಡಿದು ಲಾರಿಗೆ ತುಂಬಿದರು. ಆಮೇಲೆ ಅದೇ ಸಾಹೇಬರು ಕೆಳಗೆ ಬಂದು, ಗುಂಡಿ ತೋಡಲು ಆಳು ಬೇಕು ಎಂದರು. ಯಾರನ್ನು ಇಳಿಸಿದ್ದರೋ ಅವರನ್ನೇ ಮತ್ತೆ ಹತ್ತಿಸಿದರು, ಕೈಗೆ ಹಾರೆ ಕೊಟ್ಟು.

ಅವ್ವ ಹನ್ನೊಂದು ವರ್ಷ ಗುಂಡಿ ತೋಡಿದಳು. ಮಣ್ಣಿನಲ್ಲಲ್ಲ, ಕಲ್ಲಿನಲ್ಲಿ. ಒಂದೂವರೆ ಅಡಿ ಆಳ, ಗಾರ್ಡು ಕೋಲು ಇಟ್ಟು ಅಳೆಯುತ್ತಿದ್ದ. ಒಂದು ಬೆರಳು ಕಮ್ಮಿಯಾದರೆ ಆ ಗುಂಡಿ ಲೆಕ್ಕಕ್ಕಿಲ್ಲ. ಹಾರೆ ಎತ್ತಿ ಕುಕ್ಕಿದರೆ ಕಿಡಿ ಹಾರುತ್ತಿತ್ತು, ಬಂಡೆ ಹಾರುತ್ತಿರಲಿಲ್ಲ. ಸೊಂಟ ಹಿಡಿದುಕೊಳ್ಳುತ್ತಿತ್ತು. ಅಂಗೈಯ ಗುಳ್ಳೆ ಒಡೆದು, ಮತ್ತೆ ಗುಳ್ಳೆಯಾಗಿ, ಮತ್ತೆ ಒಡೆದು, ಕೊನೆಗೆ ಅಂಗೈ ದನದ ಗೊರಸಿನ ಹಾಗಾಯಿತು. ಬೇದಮ್ಮ ಹೊಟ್ಟೆಯಲ್ಲಿದ್ದಾಗಲೂ ತೋಡಿದಳು. ಹೆತ್ತ ಹನ್ನೆರಡನೆಯ ದಿನ ಮತ್ತೆ ಹತ್ತಿದಳು. ಒಂದು ದಿನ ಕಲ್ಲಿನ ಚೂರು ಎಗರಿ ಎಡಗಣ್ಣಿಗೆ ಬಡಿಯಿತು. ರಕ್ತ ಕೆನ್ನೆಗಿಳಿಯಿತು. ಗಾರ್ಡು ಹೇಳಿದ್ದು ಇಷ್ಟೇ: "ಬಟ್ಟೆ ಕಟ್ಕೊಂಡು ತೋಡು." ಕಟ್ಟಿಕೊಂಡು ತೋಡಿದಳು. ಆಮೇಲೆ ಸಾಯುವ ತನಕ ಅವ್ವನಿಗೆ ಒಂದೇ ಕಣ್ಣು.

ಗಿಡಗಳು ಬೆಳೆದವು. ತೊರೆಯ ನೀರೆಲ್ಲ ಕುಡಿದವು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿತು. ಮರ ಕಡಿಯುವವರು ಬರಲಿಲ್ಲ. ಬದಲಿಗೆ ಒಂದು ಬೋರ್ಡು ಬಂತು: ಒಡೆಗಲ್ಲು ಬೆಟ್ಟ ರಾಷ್ಟ್ರೀಯ ಉದ್ಯಾನ. ಬುಡದಲ್ಲಿ, ಮನೆಗಳ ಮೇಲ್ಗಡೆ, ಗೇಟು ಬಂತು. ಮನೆಗಳಿದ್ದ ನೆಲವೂ ಉದ್ಯಾನದ ಲೆಕ್ಕಕ್ಕೆ ಸೇರಿತು. ಕಾರ್ಖಾನೆಗೆಂದು ನೆಟ್ಟ ಮರ ಕಾಡು ಎನಿಸಿಕೊಂಡಿತು. ನೆಟ್ಟವರು ಕಾಡಿಗೆ ಕೇಡು ಎನಿಸಿಕೊಂಡರು. ಒಂದು ಹೊರೆ ಪುಳ್ಳೆ ಆಯ್ದರೂ ಕೇಸು. ಅಪ್ಪನನ್ನು ಎರಡು ಸಲ ಒಯ್ದರು. ಎರಡನೆಯ ಸಲ ಬಂದವನು ನೆಟ್ಟಗೆ ಕೂರಲಾಗದೆ ಬಂದ. ಆ ಮಳೆಗಾಲ ಕಳೆಯುವುದರೊಳಗೆ ಹೋದ.

ಅವ್ವ ಸತ್ತದ್ದು ಆರು ವರ್ಷದ ಹಿಂದೆ. ಅವಳ ಕುಲದವರನ್ನು ಮಣ್ಣು ಮಾಡುವ ಜಾಗ ಒಡೆಗಲ್ಲಿನ, ಅಂದರೆ ಆ ಸೀಳಿದ ಬಂಡೆಯ, ಪಕ್ಕದಲ್ಲಿ, ಗೇಟಿನಿಂದಾಚೆ. ಹೆಣ ಹೊತ್ತು ಬಂದವರನ್ನು ಗಾರ್ಡು ತಡೆದ.

"ಪರ್ಮಿಷನ್ ಎಲ್ಲಿ?"

ಕೇತಮ್ಮ ಕೈ ಮುಗಿದಳು. "ಬುದ್ದಿ, ನಮ್ಮವ್ವ ಬುದ್ದಿ. ಈ ಮರಾನೆಲ್ಲ ನೆಟ್ಟವಳು ಇವಳೇ ಬುದ್ದಿ."

"ನೆಟ್ಟಿದ್ದಕ್ಕೆ ಕೂಲಿ ಈಸ್ಕೊಂಡಿಲ್ವಾ?"

ಬಿಸಿಲಿನಲ್ಲಿ ಹೆಣ ಇಳಿಸಿ ಕೂತರು. ಒಂಬತ್ತು ಗಂಟೆಗೆ ಬಂದವರು ಮೂರು ಗಂಟೆಯವರೆಗೆ ಕೂತರು. ಬೇದಮ್ಮ ತನ್ನ ದುಪಟ್ಟಾದಿಂದ ಅವ್ವನ ಮುಖದ ಮೇಲಿನ ನೊಣ ಹೊಡೆಯುತ್ತಿದ್ದಳು. ಕೊನೆಗೆ ಜೀಪಿನಲ್ಲಿ ಸಾಹೇಬ ಬಂದ. ಬೇಗ ಮುಗಿಸಿ ಇಳೀರಿ, ತಮಟೆ ಬೇಡ, ಅಳೋದೂ ಬೇಡ, ಮೇಲೆ ಗೆಸ್ಟ್ ಇದಾರೆ ಎಂದ. ಅಳದೆ ಮಣ್ಣು ಮಾಡಿದರು. ಮೇಲೆ ಕಲ್ಲು ಪೇರಿಸಿದರು. ಅರಣ್ಯ ಹಕ್ಕಿನ ಕಾನೂನು ಗೊತ್ತಿದ್ದ, ಇಂಗ್ಲಿಷು ಗೊತ್ತಿದ್ದ ಬೇದಮ್ಮ ಅವತ್ತು ಬಾಯಿ ತೆರೆಯಲಿಲ್ಲ. ಆರು ಗಂಟೆಗಳ ಕಾಲ ನೊಣ ಹೊಡೆದದ್ದೊಂದೇ ಅವಳು ಮಾಡಿದ ಕೆಲಸ.

ಈಗ ಆ ಕಲ್ಲುಗಳು ಕಾರ್ಲ್‌ಸ್ಕ್ರೂನಾದ ಆಫೀಸಿನಲ್ಲಿ, ಅವಳ ಪರದೆಯ ಮೇಲೆ ಇದ್ದವು. ಒಡೆಗಲ್ಲಿನ ಎಡಕ್ಕೆ, ಬಂಡೆಯ ಹಾಸಿನ ಅಂಚಿಗೆ, ಅರವತ್ತರಷ್ಟು ಗುಪ್ಪೆಗಳು. ಕಡೆಯ ಸಾಲಿನ ಮೂರನೆಯದು ಅವ್ವನದು.

ಹತ್ತು ಗಂಟೆಗೆ ಫೀಕಾ. ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರಲೇಬೇಕಾದ ಹೊತ್ತು ಅದು. ದಾಲ್ಚಿನ್ನಿ ಬನ್ ಮುರಿಯುತ್ತ ರಾಘವ್ ಖುಷಿಯಲ್ಲಿದ್ದ.

"ಈ ಸಲ ನಮ್ಮ ಕರ್ನಾಟಕದ್ದೇ ಪ್ರಾಜೆಕ್ಟ್, ನೋಡಿದ್ರಾ? ನಾನು, ನನ್ನ ವೈಫ್ ನಿವೇದಿತಾ ಹೋದ ವರ್ಷ ಅಲ್ಲಿಗೆ ಟ್ರೆಕ್ ಹೋಗಿದ್ವಿ. ಏನ್ ಫಾರೆಸ್ಟ್ ಗೊತ್ತಾ ಹೆಲೆನ್? ಆ ಯೂಕಲಿಪ್ಟಸ್ ಸ್ಮೆಲ್ಲು, ಆ ರಾಕ್ಸು, ಥೇಟ್ ಆಸ್ಟ್ರೇಲಿಯಾ. ಟೋಟಲಿ ಅನ್‌ಟಚ್ಡ್. ಮೇಲೊಂದು ಲಾಡ್ಜ್ ಇದೆ. ಅಲ್ಲಿನ ಟ್ರೈಬಲ್ಸ್ ನಮ್ಮ ಲಗೇಜ್ ಎಲ್ಲಾ ತಲೆ ಮೇಲೆ ಹೊತ್ಕೊಂಡು ಬರಿಗಾಲಲ್ಲಿ ಓಡ್ತಾರಪ್ಪ. ನಮಗೆ ಬ್ಯಾಕ್‌ಪ್ಯಾಕ್ ಇಲ್ದೇನೂ ಹತ್ತೋಕಾಗ್ತಿರ್ಲಿಲ್ಲ."

ಕೇತಮ್ಮನ ಗಂಡ ಜಡೆಯ ಮಾಡುವ ಕೆಲಸ ಅದೇ. ಲಾಡ್ಜಿನ ಗೆಸ್ಟುಗಳ ಸಾಮಾನು ಹೊರುವುದು. ಹೊರುವಾಗ ಗೇಟಿನೊಳಗೆ ಬಿಡುತ್ತಾರೆ. ಇಳಿಸಿದ ಮೇಲೆ ನಿಲ್ಲುವಂತಿಲ್ಲ.

"ಅದು ನನ್ನೂರು," ಎಂದಳು ಬೇದಮ್ಮ.

ರಾಘವ್ ಬನ್ ತಿನ್ನುವುದನ್ನು ನಿಲ್ಲಿಸಿದ. ಹೆಲೆನ್ ಕಪ್ಪು ಕೆಳಗಿಟ್ಟಳು.

"ಬೆಟ್ಟದ ಹತ್ರಾನಾ?" ಎಂದ ರಾಘವ್.

"ಬೆಟ್ಟದ್ದೇ. ನಾನು ಸೋಲಿಗರವಳು. ಆ ಮರಗಳನ್ನ ನೆಟ್ಟಿದ್ದು ನಮ್ಮವ್ವ."

ರಾಘವ್ ಮುಖ ಅರಳಿಸಿದ. "ಓ, ನೈಸ್! ಹೇಳ್ಲೇ ಇಲ್ಲ ನೀನು. ಹಾಗಾದ್ರೆ ನಿಂಗೆ ಏರಿಯಾ ಚೆನ್ನಾಗಿ ಗೊತ್ತಿರುತ್ತೆ. ಬೇಗ ಮುಗಿಸಬಹುದು."

ಮೂರು ದಿನ ಬೇದಮ್ಮ ಪರದೆಯ ಮುಂದೆ ಕೂತಳು. ಒಂದು ಗೆರೆಯನ್ನೂ ಎಳೆಯಲಿಲ್ಲ. ಮನೆ ಎಣಿಸಿದಳು. ನಲವತ್ತೊಂದು. ಒಂದೊಂದರಲ್ಲೂ ಯಾರಿದ್ದಾರೆ ಎಂದು ನೆನೆದಳು. ಹೋದ ತಿಂಗಳುಗಳಲ್ಲಿ ತಾನು ಕೆಂಪು ಗೆರೆ ಎಳೆದ ನದಿ ದಂಡೆಯ ಮನೆಗಳು ನೆನಪಾದವು. ಅಲ್ಲೂ ಯಾವಳೋ ಅಕ್ಕ ಅಂಗಳ ಗುಡಿಸುತ್ತಿದ್ದಿರಬೇಕು. ತಾನು ದೊಡ್ಡದು ಮಾಡಿ ನೋಡಿರಲಿಲ್ಲ, ಅಷ್ಟೇ.

ಗುರುವಾರ ಮಧ್ಯಾಹ್ನ ರಾಘವ್ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದ.

"ಬೇದಾ, ಮೂರು ದಿನ ಆಯ್ತು. ಒಂದೂ ಮಾರ್ಕ್ ಆಗಿಲ್ವಲ್ಲ. ಏನ್ ಪ್ರಾಬ್ಲಮ್?"

"ಇವನ್ನ ಅತಿಕ್ರಮಣ ಅಂತ ಒತ್ತೋಕೆ ನನ್ ಕೈಲಾಗಲ್ಲ."

"ನೋಡು, ನಾವು ಒತ್ತೋದ್ರಿಂದ ಏನೂ ಆಗಲ್ಲ ಕಣಮ್ಮ. ಇದು ಜಸ್ಟ್ ಡೇಟಾ. ಡಿಸಿಷನ್ ತಗೊಳ್ಳೋರು ಅಲ್ಲಿನ ಫಾರೆಸ್ಟ್‌ನೋರು."

"ಅವರು ಈ ನಕ್ಷೆ ಇಟ್ಕೊಂಡೇ ತಗೊಳ್ಳೋದು."

"ಪರ್ಸನಲ್ ಆಗಿ ತಗೋಬೇಡ." ಅವನು ಬಗ್ಗಿ ಪರದೆ ನೋಡಿದ. "ಅದಿರಲಿ, ಇದೇನು? ಈ ಬಂಡೆ ಮೇಲೆ ಸಾಲಾಗಿ ಕಲ್ಲಿನ ರಾಶಿ? ಕ್ವಾರಿ ವೇಸ್ಟ್ ಇದ್ದಂಗಿದೆ. 'ತೆರವು' ಅಂತ ಹಾಕ್ಬಿಡು."

ಅವನ ಬೆರಳು ಕಡೆಯ ಸಾಲಿನ ಮೂರನೆಯ ಗುಪ್ಪೆಯ ಮೇಲಿತ್ತು.

"ಬೆರಳು ತೆಗೀರಿ. ಅದು ನಮ್ಮವ್ವ."

ರಾಘವ್ ಬೆರಳು ತೆಗೆದ. ಅವನ ಕಿವಿ ಕೆಂಪಾಯಿತು. "ಓಹ್, ಸಾರಿ. ರಿಯಲಿ ಸಾರಿ," ಎಂದ. ನಿಜವಾಗಿಯೇ ಎಂದ. ಆಮೇಲೆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿ, "ಆದ್ರೆ ಇದಕ್ಕೆ ಕ್ಯಾಟಗರಿ ಇಲ್ವಲ್ಲ," ಎಂದ.

ಶುಕ್ರವಾರ ಮ್ಯಾನೇಜರು ಕರೆದಳು. ಗುನಿಲ್ಲಾ ಎಂದು ಹೆಸರು. ಐವತ್ತೈದರ ಹೆಂಗಸು, ದನಿ ಎತ್ತಿ ಮಾತಾಡಿದವಳಲ್ಲ. ಗಾಜಿನ ಕೋಣೆಯಲ್ಲಿ ರಾಘವ್ ಸೇರಿ ಮೂವರೂ ಕೂತರು.

"ನಿಮಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನನಗೆ ಅರ್ಥವಾಗುತ್ತದೆ. ನಿಮಗೆ ಬೇರೆ ಪ್ರಾಜೆಕ್ಟ್ ಕೊಡುತ್ತೇವೆ. ಇದನ್ನು ಬೇರೆಯವರು ಮಾಡುತ್ತಾರೆ. ಸರಿಯೇ?"

ಸರಿ ಎಂದಿದ್ದರೆ ಎಲ್ಲವೂ ಉಳಿಯುತ್ತಿತ್ತು. ಕೆಲಸ ಉಳಿಯುತ್ತಿತ್ತು. ಈ ದೇಶದಲ್ಲಿರಲು ಕೊಟ್ಟ ಪರವಾನಗಿ ಉಳಿಯುತ್ತಿತ್ತು.

"ಸರಿಯಲ್ಲ," ಎಂದಳು ಬೇದಮ್ಮ. "ಬೇರೆಯವರೂ ಮಾಡಬಾರದು. ಅವು ಮನೆಗಳು. ಮನೆ ಎಂದು ಬರೆಯಿರಿ. ಅವು ಸಮಾಧಿಗಳು. ಸಮಾಧಿ ಎಂದು ಬರೆಯಿರಿ. ನಮ್ಮ ಜಾಗ ನಮಗೆ ಕೊಡಿ ಎಂದು ಊರಿನವರು ಅರಣ್ಯ ಹಕ್ಕಿನ ಕಾನೂನಿನ ಪ್ರಕಾರ ಅರ್ಜಿ ಹಾಕಿ ಒಂಬತ್ತು ವರ್ಷವಾಯಿತು. ಉತ್ತರ ಬಂದಿಲ್ಲ. ಅದನ್ನೂ ಬರೆಯಿರಿ."

"ನಮಗೆ ಹಣ ಕೊಡುವವರು ಕೇಳಿದ್ದು ಅದನ್ನಲ್ಲ."

"ಹಾಗಾದರೆ ನಾನು ಮಾಡುವುದಿಲ್ಲ. ಇದನ್ನೂ ಮಾಡುವುದಿಲ್ಲ, ಬೇರೆ ಊರಿನದನ್ನೂ ಮಾಡುವುದಿಲ್ಲ."

ರಾಘವ್ ಕನ್ನಡದಲ್ಲಿ ಮೆಲ್ಲಗೆ ಹೇಳಿದ, "ಬೇದಾ, ಪ್ಲೀಸ್. ಪ್ರೊಬೇಷನ್‌ನಲ್ಲಿದೀಯ. ಯೋಚನೆ ಮಾಡು."

"ನನ್ನ ಹೆಸರು ಬೇದಮ್ಮ," ಎಂದಳು.

ಮರುವಾರ ಕಾಗದ ಬಂತು. ಪ್ರೊಬೇಷನ್ ಮುಂದುವರಿಸುವುದಿಲ್ಲ, ಎರಡು ವಾರದ ನೋಟಿಸು, ಆಫೀಸಿಗೆ ಬರುವ ಅಗತ್ಯವಿಲ್ಲ. ಕಾರಣ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಕೀಲಿ ಕಾರ್ಡು, ಲ್ಯಾಪ್‌ಟಾಪು ಕೊಟ್ಟು ಬಂದಳು. ಬೇರೆ ಕೆಲಸ ಹುಡುಕಿಕೊಳ್ಳಲು ಮೂರು ತಿಂಗಳು. ಸಿಗದಿದ್ದರೆ ದೇಶ ಬಿಡಬೇಕು.

ನಾಲ್ಕು ದಿನ ಕಳೆದು ಹೆಲೆನ್ ಅವಳ ಕೋಣೆಗೆ ಬಂದಳು. ಡಬ್ಬಿಯಲ್ಲಿ ಕೋಳಿ ಸಾರು ತಂದಿದ್ದಳು. ಕೋಟು ಬಿಚ್ಚಲಿಲ್ಲ. ಬಾಗಿಲ ಹತ್ತಿರವೇ ನಿಂತಿದ್ದಳು.

"ಕೂತ್ಕೋ ಹೆಲೆನ್."

"ನಾನು ಮಾಡಿದೆ," ಎಂದಳು ಹೆಲೆನ್.

ಬೇದಮ್ಮನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮಂಚದ ಅಂಚಿಗೆ ಕೂತಳು.

"ನಲವತ್ತೊಂದೂ?"

"ನಲವತ್ತೊಂದೂ. ಮಧ್ಯಾಹ್ನದೊಳಗೆ ಮುಗೀತು." ಹೆಲೆನ್ ಆಫೀಸಿನಲ್ಲಿ ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದವಳು. ಈಗ ಅಳು ನುಗ್ಗಿ ಊರಿನ ಮಾತು ಹೊರಗೆ ಬಂತು. "ನಾನೆಂತ ಮಾಡುದು ಮಾರಾಯ್ತಿ? ಗಂಡನಿಗೆ ಕೆಲಸ ಹೋಗಿ ಐದು ತಿಂಗಳಾಯ್ತು. ಮಗು ಇಲ್ಲಿ ಡೇಕೇರಿಗೆ ಹೋಗ್ತಾ ಉಂಟು. ಈ ದೇಶದಲ್ಲಿ ಪರ್ಮನೆಂಟ್ ಇರುದಕ್ಕೆ ಹಾಕಿದ ಅರ್ಜಿ ಅಲ್ಲೇ ಉಂಟು, ಇನ್ನೂ ಆಗ್ಲಿಲ್ಲ. ನಾನು ಆಗುದಿಲ್ಲ ಅಂತ ಹೇಳಿದ್ರೆ ರಾಘವ್ ಮಾಡ್ತಿದ್ದ. ಅವನಲ್ಲದಿದ್ರೆ ಮತ್ತೊಬ್ಬ."

"ಕಲ್ಲಿನ ಗುಪ್ಪೆ?"

ಹೆಲೆನ್ ಮುಖ ಮುಚ್ಚಿಕೊಂಡಳು.

ಬೇದಮ್ಮ ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಡಬ್ಬಿ ತೆಗೆದುಕೊಂಡಳು, ತೊಳೆದು ಕೊಡುತ್ತೇನೆ ಎಂದಳು. ಹೆಲೆನ್ ಹೋದ ಮೇಲೆ ಆ ಸಾರನ್ನು ತಿನ್ನಲಾಗಲಿಲ್ಲ. ಚೆಲ್ಲಲೂ ಮನಸ್ಸು ಬರಲಿಲ್ಲ. ಮೂರು ದಿನ ಅದು ಒಲೆಯ ಮೇಲೇ ಇತ್ತು.

ಅಕ್ಟೋಬರಿನ ಕೊನೆಗೆ ಕೇತಮ್ಮನ ಫೋನು ಬಂತು. ಬೇದಮ್ಮ ಕೆಲಸ ಕೇಳಿಕೊಂಡು ಒಂದು ಹೋಟೆಲಿನ ಅಡುಗೆ ಕೋಣೆಯ ಹಿಂಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದ ರಸ್ತೆಗೆ ಬಂದು ಫೋನು ಕಿವಿಗಿಟ್ಟಳು. ಆ ಕಡೆ ಬರೀ ಗದ್ದಲ.

"ಕೂಸೇ, ಕೆಡವುಬುಟ್ರು ಕಣವ್ವ."

"ಯಾವಾಗ ಅಕ್ಕ?"

"ಹೊತ್ತಾರೆ. ಎರಡು ಜೇಸೀಬಿ ಬಂದೊ. ಪೊಲೀಸ್ನೋರು ಒಂದು ಬಸ್ಸು. ರಾಗಿ ತೆನೆ ಕುಯ್ದಿರ್ನಿಲ್ಲ, ಅದರ ಮ್ಯಾಲೇ ಹತ್ತಿಸ್ಕಂಡು ಬಂದ್ರು. ಪಾತ್ರೆ ಎತ್ಕಳಕೂ ಬುಡ್ನಿಲ್ಲ. ಸಾಹೇಬನ ಕೈಲಿ ಒಂದು ದೊಡ್ಡ ಕಾಗದ ಇತ್ತು. ಬಣ್ಣದ್ದು. ನಮ್ಮ ಮನೆ ಹದಿನೇಳನೇ ನಂಬರಂತೆ. ಕೆಂಪಗೆ ಗೀಟು ಹಾಕವ್ರೆ. ಇದು ನಾವು ಮಾಡಿದ್ದಲ್ಲ, ಫಾರಿನ್ನಿಂದ ಬಂದಿರೋದು, ಸುಳ್ಳು ಹೇಳಾದಿಲ್ಲ ಇದು ಅಂದ." ಕೇತಮ್ಮ ಉಸಿರು ಎಳೆದುಕೊಂಡಳು. "ಫಾರಿನ್ ಅಂದ್ರೆ ನೀನಿರಾ ಊರಾ ಕೂಸೇ?"

ಬೇದಮ್ಮ ಗೋಡೆಗೆ ಒರಗಿದಳು. ಎದುರಿಗೆ ಸಮುದ್ರ. ನೀರಿನ ಮೇಲೆ ಬಿಸಿಲು ಬಿದ್ದಿತ್ತು.

"ಹೂಂ ಅಕ್ಕ. ನಾನಿರಾ ಊರೇ."

"ನೀ ಬರ್ದದ್ದಾ?"

"ಇಲ್ಲ ಅಕ್ಕ. ನಾ ಬರಿಯಾದಿಲ್ಲ ಅಂದೆ. ಅದ್ಕೇ ಕೆಲ್ಸದಿಂದ ತೆಗುದ್ರು."

ಆ ಕಡೆ ಜೇಸೀಬಿಯ ಸದ್ದು ಕೇಳುತ್ತಿತ್ತು. ಆಮೇಲೆ ಕೇತಮ್ಮ ಕೇಳಿದಳು, "ಉಂಡ್ಯಾ?"

ಬೇದಮ್ಮನಿಗೆ ಆಗ ಅಳು ಬಂತು. ಮನೆ ಕಳೆದುಕೊಂಡವಳು ಅವಳು, ಉಂಡೆಯಾ ಎಂದು ಕೇಳುವವಳೂ ಅವಳೇ.

ನಲವತ್ತೊಂದು ಮನೆಯವರನ್ನು ರಸ್ತೆ ಬದಿಯ ಒಂದು ಗೋಡೌನಿಗೆ ತುಂಬಿದರು. ಗೇಟಿನ ಪಕ್ಕಕ್ಕೆ ಬೇಲಿ ಬಂತು. ಯಾರೂ ಮೇಲೆ ಹೋಗುವಂತಿಲ್ಲ. ಜಡೆಯನಿಗೂ ಸಾಮಾನು ಹೊರುವ ಕೆಲಸ ಇಲ್ಲ. ಜೀಪು ನೇರ ಲಾಡ್ಜಿಗೇ ಹೋಗುವಂತೆ ರಸ್ತೆ ಮಾಡುತ್ತಿದ್ದಾರೆ ಎಂದು ಸುದ್ದಿ. ಮತ್ತೆ ಎರಡು ವಾರ ಬಿಟ್ಟು ಫೋನು ಮಾಡಿದಾಗ ಕೇತಮ್ಮನ ದನಿ ಸಣ್ಣದಾಗಿತ್ತು.

"ಮ್ಯಾಲೆ ಏನೋ ಡಬಡಬಾಂತ ಸದ್ದು ಬತ್ತದೆ ಕೂಸೇ, ದಿನಾಲೂವೆ. ಬಂಡೆ ಒಡೀತಾವ್ರೆ. ಯಾವ ಮಗ್ಗುಲಲ್ಲೋ ಗೊತ್ತಾಯ್ತಿಲ್ಲ. ನಮ್ಮನ್ನ ಬುಡಾದಿಲ್ಲ. ನೀನಿದ್ದ ಆಫೀಸಲ್ಲಿ ಮ್ಯಾಗಿಂದ ಕಾಣ್ತದಲ್ವಾ? ಅವ್ವ ಅವಳಾ ನೋಡು. ಅಷ್ಟು ನೋಡಿ ಹೇಳು."

ಬೇದಮ್ಮನಿಗೆ ಆ ಪರದೆ ಈಗ ಇಲ್ಲ. ಹೆಲೆನ್‌ಗೆ ಫೋನು ಮಾಡಿದಳು. ನಾನು ನಿನ್ನನ್ನ ಇನ್ನೇನೂ ಕೇಳಲ್ಲ, ಒಡೆಗಲ್ಲಿನ ಎಡಕ್ಕೆ ನೋಡು, ಕಡೆಯ ಸಾಲು, ಇದೆಯೋ ಇಲ್ಲವೋ ಹೇಳು ಎಂದಳು.

ಹೆಲೆನ್ ಫೋನಿನಲ್ಲಿ ಹೇಳಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಬಂದರಿನ ಬೆಂಚಿಗೆ ಬಂದಳು. ತುಂಬ ಗಾಳಿ. ಇಬ್ಬರೂ ಕೋಟಿನ ಟೋಪಿ ಎಳೆದುಕೊಂಡು ಕೂತರು. ಪಕ್ಕದಲ್ಲಿ ಒಬ್ಬ ಮುದುಕ ಬಾತುಗಳಿಗೆ ಬ್ರೆಡ್ಡು ಎಸೆಯುತ್ತಿದ್ದ.

"ನಿನ್ನೆ ಹೊಸ ಫೋಟೋ ಬಂದಿದೆ," ಎಂದಳು ಹೆಲೆನ್. "ಒಡೆದ ಬಂಡೆ ಇದೆ. ಅದರ ಎಡಕ್ಕೆ..." ನಿಲ್ಲಿಸಿದಳು.

"ಹೇಳು."

"ರೋಡು ಉಂಟು."

"ಗುಪ್ಪೆಗಳು?"

"ಇಲ್ಲ ಬೇದಮ್ಮ. ಒಂದೂ ಇಲ್ಲ. ಆ ಕಲ್ಲನ್ನೇ ಒಡೆದು ರೋಡಿಗೆ ಹಾಕಿದ್ದಾರೆ ಕಾಣ್ತದೆ. ಜೀಪು ಹೋದ ಗುರುತು ಕೂಡ ಉಂಟು."

ಬೇದಮ್ಮ ಗೇಟಿನ ಹತ್ತಿರ ನುಂಗಿದ್ದ ಅಳು ಆರು ವರ್ಷ ಒಳಗೇ ಇತ್ತು. ಈಗ ಅದು ಎದ್ದಿತು. ಬಾಯಿ ತೆರೆದು ಅತ್ತಳು. ಪೋಡಿನ ಹೆಂಗಸರು ಸಾವಿನ ಮನೆಯಲ್ಲಿ ಅಳುವ ಹಾಗೆ, ಎದೆ ಬಡಿದುಕೊಂಡು, ಅವ್ವನನ್ನು ಹೆಸರು ಹಿಡಿದು ಕರೆದು ಅತ್ತಳು. ಮುದುಕ ಹತ್ತಿರ ಬಂದು ಸ್ವೀಡಿಷ್‌ನಲ್ಲಿ ಕೇಳಿದ, ಏನಾಯಿತು, ಸಹಾಯ ಬೇಕೆ ಎಂದು. ಹೆಲೆನ್ ಹೇಳಿದಳು, ಇವಳ ತಾಯಿ ತೀರಿಕೊಂಡಿದ್ದಾರೆ. ಮುದುಕ ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತು ಹೋದ.

ಅಕ್ಕನಿಗೆ ಏನು ಹೇಳುವುದು? ಅವ್ವ ಇದ್ದಾಳೆ, ಹಾಗೇ ಇದ್ದಾಳೆ ಎಂದರೆ ನಂಬುತ್ತಿದ್ದಳು. ನೋಡಲು ಅವಳಿಗೆ ದಾರಿ ಇಲ್ಲ. ಹೆಲೆನ್ ಕೂಡ ಅದನ್ನೇ ಹೇಳಿದಳು, ಹೇಳಬೇಡ, ಪಾಪ, ಗೊತ್ತಾದರೆ ಸಹಿಸಲಾರರು. ಬೇದಮ್ಮ ಒಂದು ಸಂಜೆಯೆಲ್ಲ ಯೋಚಿಸಿದಳು. ಸುಳ್ಳು ನಕ್ಷೆ ಕೊಟ್ಟವರು ಸಾಕಷ್ಟು ಜನ ಇದ್ದಾರೆ. ತಾನೂ ಒಂದು ಕೊಡುವುದಿಲ್ಲ. ಮರುದಿನ ಬೆಳಿಗ್ಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಕೇತಮ್ಮ ಅಳಲಿಲ್ಲ. "ರಸ್ತೆಯ ಯಾವ ತಾವು ಅವಳೆ, ಗುರುತು ಹೇಳು," ಎಂದಳು.

ಬೇದಮ್ಮ ಕಣ್ಣು ಮುಚ್ಚಿದಳು. ಮೂರು ದಿನ ಗೆರೆ ಎಳೆಯದೆ ನೋಡಿದ್ದ ಚಿತ್ರ ಕಣ್ಣಲ್ಲೇ ಇತ್ತು. "ಒಡೆಗಲ್ಲಿನ ಸೀಳಿಗೆ ಬೆನ್ನು ಮಾಡಿ ನಿಲ್ಲು ಅಕ್ಕ. ಎಡಕ್ಕೆ ತಿರುಗು. ಅರವತ್ತು ಹೆಜ್ಜೆ. ಬಲಗಡೆ ಜೋಡಿ ನೀಲಗಿರಿ ಸಿಗ್ತದೆ. ಅದರ ನೇರಕ್ಕೆ, ರಸ್ತೆ ಮಧ್ಯಕ್ಕೆ."

"ಅರವತ್ತು ಹೆಜ್ಜೆ. ಜೋಡಿ ಮರ," ಎಂದು ಕೇತಮ್ಮ ತಿರುಗಿ ಹೇಳಿಕೊಂಡಳು.

ಮುಂದಿನದು ಬೇದಮ್ಮನಿಗೆ ಜಡೆಯ ಹೇಳಿದ್ದು. ಭಾನುವಾರ ಬೆಳಿಗ್ಗೆ ಹದಿಮೂರು ಹೆಂಗಸರು ಗೋಡೌನಿನಿಂದ ಹೊರಟರು. ಗೇಟಿಗೆ ಹೋಗಲಿಲ್ಲ. ಗುಂಡಿ ತೋಡುವ ಕಾಲಕ್ಕೆ ಹತ್ತುತ್ತಿದ್ದ ಕಡಿದಾದ ಮಗ್ಗುಲಿನಿಂದ, ಬಂಡೆಗೆ ಕೈಕಾಲು ಕೊಟ್ಟು, ಬೇರು ಹಿಡಿದು ಹತ್ತಿದರು. ಎಪ್ಪತ್ತು ದಾಟಿದ ಇಬ್ಬರಿದ್ದರು. ಅವರೂ ಹತ್ತಿದರು. ಕೇತಮ್ಮ ಒಡೆಗಲ್ಲಿಗೆ ಬೆನ್ನು ಕೊಟ್ಟು ನಿಂತು ಹೆಜ್ಜೆ ಎಣಿಸಿದಳು. ಎಣಿಸಿದ ಜಾಗದಲ್ಲಿ ಕೂತಳು. ಉಳಿದವರು ಅವರವರ ಹಿರಿಯರ ತಾವು ಹುಡುಕಿಕೊಂಡು ಕೂತರು. ರಸ್ತೆ ತುಂಬಿತು.

ಲಾಡ್ಜಿನಿಂದ ಮೂರು ಜೀಪು ಇಳಿದು ಬಂದು ನಿಂತವು. ಗೆಸ್ಟುಗಳು ಫೋನು ಎತ್ತಿ ಫೋಟೋ ತೆಗೆದರು. ಗಾರ್ಡುಗಳು ಓಡಿ ಬಂದರು.

"ಏಳ್ರೇ, ದಾರಿ ಬಿಡ್ರಿ! ಇಲ್ಲೇನಿದೆ ನಿಮ್ದು?"

"ನಮ್ಮವ್ವ ಅವಳೆ," ಎಂದಳು ಕೇತಮ್ಮ. "ಅವಳ ಎದೆ ಮ್ಯಾಲೆ ಗಾಡಿ ಹತ್ತಿಸ್ತಾ ಇದ್ದಿ ನೀನು. ನಾ ಏಳಾದಿಲ್ಲ."

ಲಾಠಿ ಎತ್ತಿದರು. ಏಳಲಿಲ್ಲ. ಜುಟ್ಟು ಹಿಡಿದು ಎಳೆದರು. ಒಬ್ಬಳನ್ನು ಎಳೆದು ಬದಿಗೆ ಹಾಕಿದರೆ ಅವಳು ತೆವಳಿಕೊಂಡು ಬಂದು ಮತ್ತೆ ಅಲ್ಲೇ ಕೂರುತ್ತಿದ್ದಳು. ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ಒಬ್ಬ ಮುದುಕಿಯ ಕೈ ಮುರಿಯಿತು. ಕೊನೆಗೆ ಪೊಲೀಸರು ಬಂದು ಹೊತ್ತು ವ್ಯಾನಿಗೆ ಹಾಕಿದರು. ರಾಷ್ಟ್ರೀಯ ಉದ್ಯಾನಕ್ಕೆ ಅತಿಕ್ರಮ ಪ್ರವೇಶ ಎಂದು ಕೇಸು ಬರೆದರು. ಮುದುಕಿಯನ್ನು ಆಸ್ಪತ್ರೆಗೆ ಹಾಕಿ ಉಳಿದ ಹನ್ನೆರಡು ಜನರನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಕೂಡಿಹಾಕಿದರು.

ಇದೆಲ್ಲವನ್ನೂ ಬೇದಮ್ಮ ಫೋನಿನಲ್ಲಿ ಕೇಳಿದಳು. ಇನ್ನೂ ಏಳು ವಾರ ಪರವಾನಗಿ ಇತ್ತು. ಹೋಟೆಲಿನವರು ಪಾತ್ರೆ ತೊಳೆಯುವ ಕೆಲಸಕ್ಕೆ ಬಾ ಎಂದಿದ್ದರು. ಮಾಲ್ಮೋದಲ್ಲಿ ಇನ್ನೊಂದು ಕಡೆಯಿಂದ ಇಂಟರ್‌ವ್ಯೂಗೆ ಕರೆದಿದ್ದರು. ಆಕೆ ಎದ್ದು ವಿಮಾನದ ಟಿಕೆಟ್ಟು ತೆಗೆದಳು. ಎರಡು ಪ್ಯಾಂಟು, ನಾಲ್ಕು ಅಂಗಿ, ಕಾನೂನಿನ ಪುಸ್ತಕ, ಒಂಬತ್ತು ವರ್ಷದ ಅರ್ಜಿಯ ನಕಲು. ಅಷ್ಟನ್ನು ಬ್ಯಾಗಿಗೆ ತುಂಬಿದಳು.

ರೈಲು ನಿಲ್ದಾಣಕ್ಕೆ ಹೆಲೆನ್ ಬಂದಿದ್ದಳು. ಚಪಾತಿ ಸುತ್ತಿ ತಂದಿದ್ದಳು. ಬ್ಯಾಗು ಎತ್ತಿಕೊಡಲು ಬಂದವಳು ಅದನ್ನು ಹಿಡಿದುಕೊಂಡೇ ನಿಂತಳು.

"ನನ್ನನ್ನು ಕ್ಷಮಿಸ್ತೀಯಾ?"

"ಅದು ನನ್ನ ಹತ್ರ ಇಲ್ಲ ಹೆಲೆನ್. ನಮ್ಮಕ್ಕನ್ನ ಕೇಳಬೇಕು ನೀನು. ಇನ್ನೂ ನಲವತ್ತು ಮನೆಯವರನ್ನ ಕೇಳಬೇಕು."

ಹೆಲೆನ್ ತಲೆಯಾಡಿಸಿದಳು. ಕಣ್ಣೊರೆಸಿಕೊಂಡಳು. ರೈಲು ಬಂತು. ಬಾಗಿಲು ತೆರೆಯಿತು. ಬೇದಮ್ಮ ಬ್ಯಾಗು ತೆಗೆದುಕೊಂಡು ಹತ್ತಿದಳು.

"ಅಲ್ಲಿ ಮನೆಯೇ ಇಲ್ವಲ್ಲ," ಎಂದಳು ಹೆಲೆನ್ ಕೆಳಗಿನಿಂದ. "ಇಳಿದು ಎಲ್ಲಿಗೆ ಹೋಗ್ತೀ?"

"ಪೊಲೀಸ್ ಸ್ಟೇಷನ್‌ಗೆ," ಎಂದಳು ಬೇದಮ್ಮ. "ಎಲ್ಲರೂ ಅಲ್ಲೇ ಇದ್ದಾರೆ."